ವಾಲೆಟ್‌ನಲ್ಲಿ ಕೇಳದೆ ಬಂದು ಕೂತ ಟೋಕನ್‌ಗಳು: ಅಳಿಸೋದಾ, ಹಾಗೇ ಬಿಡೋದಾ?

ಗೋಣಿಕೊಪ್ಪ_ಮೆಣಸು:
ನನ್ನ ಕ್ರಿಪ್ಟೊ ವಾಲೆಟ್ ಮೆಟಾಮಾಸ್ಕ್ ಮೊಬೈಲ್ ಆಪ್, ಪಾಲಿಗಾನ್ ನೆಟ್‌ವರ್ಕ್ (ಒಂದು ಬ್ಲಾಕ್‌ಚೈನ್). ಇರಬೇಕಾದದ್ದು ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಮತ್ತು ಗ್ಯಾಸ್‌ಗೆ, ಅಂದ್ರೆ ನೆಟ್‌ವರ್ಕ್ ಶುಲ್ಕಕ್ಕೆ, ಇಟ್ಟ ಸ್ವಲ್ಪ ಪೊಲ್ ಟೋಕನ್, ಅಷ್ಟೇ. ಈಗ ಕೇಳದೆ ಬಂದ ಏಳು ಟೋಕನ್ ಸೇರಿಕೊಂಡಿವೆ. ಮೂರರ ಹೆಸರೇ ಒಂದು ವೆಬ್‌ಸೈಟ್ ವಿಳಾಸ, ಪಕ್ಕದಲ್ಲಿ "ಬಹುಮಾನ ಕ್ಲೇಮ್ ಮಾಡಿ" ಅಂತ. ಒಂದಕ್ಕೆ ₹1.8 ಲಕ್ಷ ಬೆಲೆ ತೋರಿಸ್ತಿದೆ, ಸ್ವಾಪ್ (ಬೇರೆ ಟೋಕನ್ನಿಗೆ ಬದಲಾಯಿಸೋದು) ಒತ್ತಿದರೆ ಫೇಲ್. ಆ ಸೈಟಿಗೆ ಹೋಗಿಲ್ಲ, ವಾಲೆಟ್ ತೆರೆಯುವ ಗುಟ್ಟಿನ 12 ಪದ ಎಲ್ಲೂ ಟೈಪ್ ಮಾಡಿಲ್ಲ. ಇವು ಸುಮ್ಮನೆ ಕೂತಿದ್ದರೆ ಯುಎಸ್‌ಡಿಟಿಗೆ ಅಪಾಯ ಇದೆಯಾ? ಪೂರ್ತಿ ತೆಗೆದುಹಾಕೋ ದಾರಿ ಯಾವುದು? ಆ ₹1.8 ಲಕ್ಷವನ್ನು ರಿಟರ್ನ್ಸ್‌ನಲ್ಲಿ ತೋರಿಸಬೇಕಾ?

ಕಣದಕಾಫಿ:
ಆ ಟೋಕನ್‌ಗಳು ನಿಮ್ಮ ವಾಲೆಟ್ ಒಳಗೆ ಬಂದೇ ಇಲ್ಲ. ಪ್ರತಿ ಟೋಕನ್ನಿಗೂ ಒಂದು ಕಾಂಟ್ರಾಕ್ಟ್, ಅಂದ್ರೆ ಬ್ಲಾಕ್‌ಚೈನ್ ಮೇಲೆ ಓಡುವ ಕೋಡ್, ಇರುತ್ತೆ. ಆ ಕಾಂಟ್ರಾಕ್ಟ್ ತನ್ನ ಲೆಕ್ಕದ ಪುಸ್ತಕದಲ್ಲಿ ನಿಮ್ಮ ವಿಳಾಸದ ಮುಂದೆ ಒಂದು ಸಂಖ್ಯೆ ಬರೆದುಕೊಂಡಿದೆ. ಯಾರೋ ತಮ್ಮ ನೋಟ್‌ಬುಕ್ಕಿನಲ್ಲಿ "ಇವರಿಗೆ ನೂರು ಚೀಲ ಚೆರ್ರಿ" ಅಂತ ಗೀಚಿಕೊಂಡರೆ ನಿಮ್ಮ ಕಣಕ್ಕೆ ಚೀಲ ಬಂದು ಬೀಳಲ್ಲವಲ್ಲ, ಹಾಗೆ. ನಿಮ್ಮ ಯುಎಸ್‌ಡಿಟಿಯ ಪುಸ್ತಕವೇ ಬೇರೆ, ಅದಕ್ಕೆ ಈ ಕಾಂಟ್ರಾಕ್ಟ್ ಕೈ ಹಾಕೋಕಾಗಲ್ಲ. ಸುಮ್ಮನೆ ಕೂತಿರುವಷ್ಟು ದಿನ ಅಪಾಯ ಇಲ್ಲ. ಬರೋದನ್ನ ತಡೆಯೋಕೂ ಆಗಲ್ಲ, ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಕಳಿಸಬಹುದು.

₹1.8 ಲಕ್ಷದ ಕಥೆ: ಆಪ್ ಬೆಲೆ ತೆಗೆಯೋದು ಆ ಟೋಕನ್ನಿನ ಪೂಲ್ (ಅದಲುಬದಲು ಮಾಡೋಕೆ ಎರಡು ಟೋಕನ್ ಒಟ್ಟಿಗೆ ಇಟ್ಟ ರಾಶಿ) ನೋಡಿ. ವಂಚಕ ತಾನೇ ಒಂದು ಪೂಲ್ ಮಾಡಿ, ಒಂದು ಕಡೆ 50 ಡಾಲರ್, ಇನ್ನೊಂದು ಕಡೆ ತನ್ನ ಟೋಕನ್ ಸ್ವಲ್ಪ ಇಡ್ತಾನೆ ಅಂದುಕೊಳ್ಳಿ. ಆ ಅನುಪಾತದಲ್ಲಿ ನಿಮ್ಮ ಟೋಕನ್ ಎಣಿಸಿದರೆ ಲಕ್ಷ ದಾಟುತ್ತೆ, ಆದರೆ ಪೂಲಿನಲ್ಲಿರೋದೇ 50 ಡಾಲರ್. ಅದೂ ಸಿಗಲ್ಲ, ಯಾಕಂದ್ರೆ ತಾನು ಒಪ್ಪಿದ ವಿಳಾಸ ಬಿಟ್ಟು ಬೇರೆ ಯಾರೂ ಕಳಿಸದಂತೆ ಕಾಂಟ್ರಾಕ್ಟ್ ಬರೆದಿರ್ತಾನೆ. ನಿಮ್ಮ ಸ್ವಾಪ್ ಫೇಲ್ ಆಗೋದು ಅದಕ್ಕೇ. ಕೆಲವರು ಇನ್ನೂ ಜಾಣರು: ಫೇಲ್ ಆದಾಗ ಬರುವ ಎರರ್ ಸಂದೇಶದಲ್ಲೇ "ಅನ್‌ಲಾಕ್ ಮಾಡಲು ಇಂಥ ಸೈಟಿಗೆ ಹೋಗಿ" ಅಂತ ಬರೆದಿರ್ತಾರೆ. ಆ ಸಂದೇಶ ಬರೆದದ್ದು ವಂಚಕ, ಮೆಟಾಮಾಸ್ಕ್ ಅಲ್ಲ. ಸ್ವಾಪ್ ಮಾಡುವಾಗ ಆ ಕಸದ ಟೋಕನ್ನಿಗೆ ಅಪ್ರೂವಲ್ (ನಿಮ್ಮ ಟೋಕನ್ ಎತ್ತಿಕೊಳ್ಳೋಕೆ ಬೇರೆಯವರಿಗೆ ಕೊಡುವ ಅನುಮತಿ) ಕೊಟ್ಟಿದ್ದರೂ ಗಾಬರಿ ಬೇಡ, ಅದು ಆ ಟೋಕನ್ನಿಗೆ ಮಾತ್ರ ಸೀಮಿತ.

ತೆಗೆಯೋದು ಅಂದ್ರೆ ಮರೆಮಾಡೋದು. ಟೋಕನ್ ಪಟ್ಟಿಯಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಹೈಡ್ ಬರುತ್ತೆ, ಕಂಪ್ಯೂಟರ್ ಎಕ್ಸ್‌ಟೆನ್ಷನ್ನಿನಲ್ಲಾದರೆ ಟೋಕನ್ ತೆರೆದು ಮೂರು ಚುಕ್ಕಿ. ಮತ್ತೆ ಬರಬಾರದು ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಆಟೋಡಿಟೆಕ್ಟ್ ಟೋಕನ್ಸ್ ಆಫ್ ಮಾಡಿ. ಆಮೇಲೆ ನಿಜವಾದ ಹೊಸ ಟೋಕನ್ ಬಂದರೂ ಕಾಂಟ್ರಾಕ್ಟ್ ವಿಳಾಸ ಕೊಟ್ಟು ನೀವೇ ಸೇರಿಸಬೇಕಾಗುತ್ತೆ. ಆ ವಿಳಾಸವನ್ನ ಟೋಕನ್ ಕಂಪನಿಯ ಸ್ವಂತ ಪುಟದಿಂದ ತಗೊಳ್ಳಿ, ಹೆಸರು ಹುಡುಕಿ ಸೇರಿಸಬೇಡಿ. "ಯುಎಸ್‌ಡಿಟಿ" ಅಂತ ಹೆಸರಿಡೋಕೆ ಯಾರ ಅನುಮತಿಯೂ ಬೇಡ.

ಬೆಟ್ಟದಟವರ್:
ಹೈಡ್ ಮಾಡಿದರೆ ಅಲ್ಲೇ ಇರುತ್ತಲ್ಲ ಅಣ್ಣ. ಕೊನೆಯಲ್ಲಿ "ಡೆಡ್" ಅಂತ ಇರುವ ಆ ಬರ್ನ್ ವಿಳಾಸಕ್ಕೆ (ಅಲ್ಲಿಂದ ಯಾರೂ ವಾಪಸ್ ತೆಗೆಯೋಕಾಗಲ್ಲ) ಕಳಿಸಿಬಿಟ್ಟರೆ ಬ್ಯಾಲೆನ್ಸ್ ಸೊನ್ನೆ, ತಲೆನೋವು ಮುಗೀತು.

ಕಣದಕಾಫಿ:
ಕಳಿಸಿದರೆ ಯುಎಸ್‌ಡಿಟಿ ಹೋಗಲ್ಲ ನಿಜ, ಆದರೆ ಆ ಕಾಂಟ್ರಾಕ್ಟಿನ ಕೋಡ್ ನಿಮ್ಮ ಗ್ಯಾಸ್ ಖರ್ಚಿನಲ್ಲಿ ಓಡುತ್ತೆ. ಗ್ಯಾಸ್ ನುಂಗೋಕೆ ಅಂತಲೇ ಬರೆದ ಕೋಡ್ ಇದ್ದರೆ? ಸಾಮಾನ್ಯ ಟೋಕನ್ ವರ್ಗಾವಣೆಗೆ 65,000 ಯೂನಿಟ್ ಗ್ಯಾಸ್ ಒಳಗೇ ಸಾಕು. ಕನ್ಫರ್ಮ್ ಪರದೆಯಲ್ಲಿ 5 ಲಕ್ಷ, 10 ಲಕ್ಷ ಅಂತ ಲಿಮಿಟ್ ಕಂಡರೆ ಅಲ್ಲಿಗೇ ಕ್ಯಾನ್ಸಲ್. ಜೊತೆಗೆ ಈ ವಿಳಾಸದ ಹಿಂದೆ ಜೀವಂತ ಮನುಷ್ಯ ಇದ್ದಾನೆ ಅಂತ ಎಲ್ಲರಿಗೂ ಸಾರಿದ ಹಾಗೆ, ನಾಳೆ ಏಳು ಹೋಗಿ ಎಪ್ಪತ್ತು ಬರುತ್ತೆ.

ಸೋಲಾನಾ ಅನ್ನೋ ಬೇರೆ ಬ್ಲಾಕ್‌ಚೈನಿನಲ್ಲಿ ಮಾತ್ರ ನಿಮ್ಮ ಮಾತು ಸರಿ. ಅಲ್ಲಿ ಪ್ರತಿ ಟೋಕನ್ನಿಗೂ ಬೇರೆ ಖಾತೆ, ಅದಕ್ಕೆ ಸುಮಾರು 0.002 ಸೋಲ್ (ಅಲ್ಲಿನ ಟೋಕನ್) ಠೇವಣಿ. ಕಸ ಕಳಿಸಿದವನೇ ಅದನ್ನ ಕಟ್ಟಿರ್ತಾನೆ. ಫ್ಯಾಂಟಮ್ ವಾಲೆಟ್ಟಿನೊಳಗಿನ ಬರ್ನ್ ಆಯ್ಕೆಯಿಂದ ಸುಟ್ಟು ಖಾತೆ ಮುಚ್ಚಿದರೆ ಠೇವಣಿ ನಿಮಗೆ ಬರುತ್ತೆ. ಕಂಪ್ರೆಸ್ಡ್ ಎನ್‌ಎಫ್‌ಟಿ (ಬೇರೆ ಖಾತೆ ಇಲ್ಲದ, ಡಿಜಿಟಲ್ ಚಿತ್ರದಂಥ ಟೋಕನ್) ಸುಟ್ಟರೆ ಏನೂ ಬರಲ್ಲ. "ನಿಮ್ಮ ಸೋಲ್ ವಾಪಸ್ ಕೊಡಿಸ್ತೀವಿ" ಅನ್ನೋ ಅಪರಿಚಿತ ಸೈಟ್‌ಗಳಿಗೆ ಮಾತ್ರ ವಾಲೆಟ್ ಜೋಡಿಸಬೇಡಿ.

ವಿರಾಜಪೇಟೆ_ಲೆಕ್ಕ:
ಹಣ ಹೋಗೋದು ಎಲ್ಲಿ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಅದೇ ಮುಖ್ಯ. ಕ್ಲೇಮ್ ಸೈಟಿಗೆ ಹೋಗಿ ಕನೆಕ್ಟ್ ಒತ್ತಿದರೆ ವಿಳಾಸ, ಬ್ಯಾಲೆನ್ಸ್ ಕಾಣುತ್ತೆ, ಅಷ್ಟೇ. ಅದರ ಮುಂದಿನ ಪರದೆಯಲ್ಲಿ ಗಂಡಾಂತರ. ಅಲ್ಲಿ ಕಸದ ಟೋಕನ್ ಹೆಸರು ಇರಲ್ಲ, ನಿಮ್ಮ ಯುಎಸ್‌ಡಿಟಿಯ ಅಪ್ರೂವಲ್ ಇರುತ್ತೆ. ಮೊತ್ತದ ಜಾಗದಲ್ಲಿ ಅನ್‌ಲಿಮಿಟೆಡ್ ಅಂತ, ಇಲ್ಲವೇ 1157920892 ಅಂತ ಶುರುವಾಗುವ ಉದ್ದನೆಯ ಸಂಖ್ಯೆ. ಎರಡರ 256ನೇ ಘಾತದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ ಅದು, ಒಟ್ಟು 78 ಅಂಕಿ. ಅರ್ಥ ಇಷ್ಟೇ: ಇವತ್ತಿರುವ ಯುಎಸ್‌ಡಿಟಿ ಮಾತ್ರ ಅಲ್ಲ, ಮುಂದಿನ ವರ್ಷ ಹಾಕುವುದನ್ನೂ ಎತ್ತಿಕೊಳ್ಳಲು ಪರವಾನಗಿ. ಎನ್‌ಎಫ್‌ಟಿಗೆ ಸೆಟ್ ಅಪ್ರೂವಲ್ ಫಾರ್ ಆಲ್ ಅಂತ ಬರುತ್ತೆ.

ಇನ್ನೊಂದು ದಾರಿ ಪರ್ಮಿಟ್. ಗ್ಯಾಸ್ ಕೇಳಲ್ಲ, ಬರೀ ಸಹಿ. ಖರ್ಚಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಜನ ಒತ್ತಿಬಿಡ್ತಾರೆ. ಸಹಿಯ ಪಠ್ಯದಲ್ಲಿ ಸ್ಪೆಂಡರ್ (ಹಣ ಎತ್ತಿಕೊಳ್ಳುವವರು), ವ್ಯಾಲ್ಯೂ, ಡೆಡ್‌ಲೈನ್ ಈ ಮೂರು ಪದ ಕಂಡರೆ ಅದು ಹಣದ ಅನುಮತಿ ಪತ್ರ, ಲಾಗಿನ್ ಅಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಟವರ್ ಒಂದೇ ಕಡ್ಡಿಗೆ ಇಳಿದಿರುವಾಗ ವಾಲೆಟ್ಟಿನ ಎಚ್ಚರಿಕೆ ಲೋಡ್ ಆಗದೆ ಕನ್ಫರ್ಮ್ ಬಟನ್ ಮಾತ್ರ ಬರಬಹುದು. ಆಗ ಏನಕ್ಕೂ ಸಹಿ ಬೇಡ.

ಹಳೆಯ ಅಪ್ರೂವಲ್ ನೋಡೋಕೆ ಪಾಲಿಗಾನ್‌ಸ್ಕ್ಯಾನ್‌ನ (ಪಾಲಿಗಾನ್ ವಹಿವಾಟು ತೋರಿಸುವ ಸೈಟ್) ಟೋಕನ್ ಅಪ್ರೂವಲ್ ಪುಟ ಅಥವಾ ರಿವೋಕ್ ಕ್ಯಾಶ್ ಸೈಟ್. ಸೈಟಿನ ವಿಳಾಸ ನೀವೇ ಟೈಪ್ ಮಾಡಿ, ಜಾಹೀರಾತಿನ ಲಿಂಕ್ ಒತ್ತಬೇಡಿ. ಯುಎಸ್‌ಡಿಟಿ ಮುಂದೆ ಗುರುತಿಲ್ಲದ ಸ್ಪೆಂಡರ್ ಇದ್ದರೆ ರಿವೋಕ್ ಮಾಡಿ (ಅನುಮತಿ ರದ್ದು), ಪಾಲಿಗಾನ್‌ನಲ್ಲಿ ಅದು ಪುಡಿಕಾಸಿನ ಖರ್ಚು. ಕಸದ ಟೋಕನ್ನಿನ ಅಪ್ರೂವಲ್ ಅಲ್ಲಿ ಕಂಡರೆ ಬಿಟ್ಟುಬಿಡಿ. ಎಷ್ಟೋ ಸಲ ಅದು ನೀವು ಕೊಟ್ಟದ್ದೇ ಅಲ್ಲ, ರಿವೋಕ್ ಒತ್ತಲಿ ಅಂತ ಆ ಕಾಂಟ್ರಾಕ್ಟ್ ಹೊರಡಿಸಿದ ಸುಳ್ಳು ದಾಖಲೆ.

12 ಪದವನ್ನೇ ಎಲ್ಲಾದರೂ ಕೊಟ್ಟಿದ್ದವರಿಗೆ ರಿವೋಕ್ ಉಪಯೋಗ ಇಲ್ಲ. ಅದೇ ವಾಲೆಟ್ಟಿನಲ್ಲಿ ಅಕೌಂಟ್ 2 ಮಾಡಿದರೂ ಅದೇ 12 ಪದದ್ದು. ಹೊಸ ಪದಗಳ ಹೊಸ ವಾಲೆಟ್ ಮಾಡಿ, ಉಳಿದದ್ದನ್ನ ಕೂಡಲೇ ಅಲ್ಲಿಗೆ ದಾಟಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೆರಿಗೆ: ಕ್ರಿಪ್ಟೊ ಲಾಭಕ್ಕೆ 30% ಮತ್ತು ಸೆಸ್, 2022ರ ಏಪ್ರಿಲ್ 1ರಿಂದ. ಮೂಲ ವಿನಾಯಿತಿ ಮಿತಿ ಇದಕ್ಕೆ ಸಿಗಲ್ಲ, ಹಾಗಾಗಿ "ನಮ್ಮದು ತೋಟದ ಆದಾಯ, ರಿಟರ್ನ್ಸ್ ಯಾಕೆ" ಅನ್ನೋ ವಾದ ಇಲ್ಲಿ ನಡೆಯಲ್ಲ. ಉಚಿತವಾಗಿ ಬಂದದ್ದರ ಮೌಲ್ಯ ವರ್ಷಕ್ಕೆ ₹50,000 ದಾಟಿದರೆ ಉಡುಗೊರೆ ನಿಯಮದ ಪ್ರಶ್ನೆ ಏಳುತ್ತೆ. ಆದರೆ ಮಾರಲಾಗದ ಕಸಕ್ಕೆ ಆಪ್ ತೋರಿಸುವ ಅಂಕಿಯೇ ಮೌಲ್ಯ ಅಂತ ನೀವಾಗಿ ಬರೆದುಕೊಳ್ಳಬೇಡಿ. ಫೇಲ್ ಆದ ಸ್ವಾಪ್‌ನ ಹ್ಯಾಶ್ (ಆ ವಹಿವಾಟಿನ ಗುರುತು ಸಂಖ್ಯೆ), ಪೂಲಿನ ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸಿಎ ಕೈಗೆ ಕೊಡಿ. ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಬಳಸ್ತಿದ್ದರೆ ಅದರಲ್ಲೂ ಸ್ಪ್ಯಾಮ್ ಅಂತ ಗುರುತು ಹಾಕಿ, ಇಲ್ಲದಿದ್ದರೆ ಅದು ₹1.8 ಲಕ್ಷವನ್ನ ಆದಾಯಕ್ಕೆ ಸೇರಿಸಿಬಿಡುತ್ತೆ.

ಗೋಣಿಕೊಪ್ಪ_ಮೆಣಸು:
ಏಳನ್ನೂ ಹೈಡ್ ಮಾಡಿದೆ. ಅಪ್ರೂವಲ್ ಪಟ್ಟಿಯಲ್ಲಿ ಯುಎಸ್‌ಡಿಟಿ ಮುಂದೆ ಏನೂ ಇಲ್ಲ. ಆದರೆ ಪಾಲಿಗಾನ್‌ಸ್ಕ್ಯಾನ್‌ನಲ್ಲಿ ನನ್ನ ವಿಳಾಸದಿಂದ 0 ಯುಎಸ್‌ಡಿಟಿ ಹೊರಗೆ ಹೋದ ಹಾಗಿದೆ, ನಾನು ಕಳಿಸಿದ್ದಲ್ಲ. ವಾಲೆಟ್ಟಿನ ಗುಟ್ಟಿನ ಕೀ ಸೋರಿದೆಯಾ?

ವಿರಾಜಪೇಟೆ_ಲೆಕ್ಕ:
ಇಲ್ಲ. ಸೊನ್ನೆ ಮೊತ್ತ ಕದಲಿಸೋಕೆ ಸೊನ್ನೆ ಅನುಮತಿ ಸಾಕು, ಹಾಗಾಗಿ ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ 0 ಕಳಿಸಬಹುದು. ಆ ಟ್ರಾನ್ಸಾಕ್ಷನ್ ತೆರೆದು ಮೇಲಿನ ಫ್ರಮ್ ಸಾಲು ನೋಡಿ, ಅಲ್ಲಿ ಬೇರೆಯವರ ವಿಳಾಸ ಇರುತ್ತೆ. ಹಾಗಿದ್ದರೆ ನಿಮ್ಮ ಕೀ ಬಳಸಿಲ್ಲ. ಫ್ರಮ್‌ನಲ್ಲಿ ನಿಮ್ಮದೇ ವಿಳಾಸ ಇದ್ದರೆ ಮಾತ್ರ ಚಿಂತೆ.

ಈಗ 0 ಹೋದ ವಿಳಾಸವನ್ನ ನೀವು ಮಾಮೂಲಾಗಿ ಕಳಿಸುವ ವಿಳಾಸದ ಪಕ್ಕ ಇಟ್ಟು ನೋಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಒಂದೇ ಇರುತ್ತೆ, ನಡುವಿನದ್ದು ಬೇರೆ. ಎಂಟು ಅಕ್ಷರ ಹೊಂದಿಸೋಕೆ ಸರಾಸರಿ 429 ಕೋಟಿ ಪ್ರಯತ್ನ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ದೊಡ್ಡ ಕೆಲಸವಲ್ಲ. ಮುಂದಿನ ಸಲ ನೀವು ಹಿಸ್ಟರಿಯಿಂದ ವಿಳಾಸ ಕಾಪಿ ಮಾಡ್ತೀರಿ ಅನ್ನೋದೇ ಅವನ ಲೆಕ್ಕ. ಪದೇಪದೇ ಕಳಿಸುವವರ ವಿಳಾಸವನ್ನ ಕಾಂಟ್ಯಾಕ್ಟ್ಸ್‌ನಲ್ಲಿ ಹೆಸರು ಹಾಕಿ ಉಳಿಸಿ, ಕಳಿಸುವಾಗ ನಡುವಿನ ಆರು ಅಕ್ಷರ ಓದಿ. ದೊಡ್ಡ ಮೊತ್ತವಾದರೆ ಮೊದಲು 1 ಯುಎಸ್‌ಡಿಟಿ ಕಳಿಸಿ, ತಲುಪಿತು ಅಂತ ಎದುರಿನವರು ಫೋನಿನಲ್ಲಿ ಹೇಳಿದ ಮೇಲೆ ಉಳಿದದ್ದು. ಎರಡನೇ ಸಲವೂ ವಿಳಾಸ ತೆಗೆಯೋದು ಕಾಂಟ್ಯಾಕ್ಟ್ಸ್‌ನಿಂದಲೇ, ಯಾಕಂದ್ರೆ ನಿಮ್ಮ 1 ಯುಎಸ್‌ಡಿಟಿ ಹೋದ ಸ್ವಲ್ಪ ಹೊತ್ತಿಗೇ ಅದರ ಮೇಲೆ ನಕಲಿ ಸಾಲು ಬಂದು ಕೂತಿರುತ್ತೆ.