ಬೋನ್ ಮ್ಯಾರೋ ಬಯಾಪ್ಸಿ: ಮಂಪರಿನ ಇಂಜೆಕ್ಷನ್ ಬೇಕಾ, ಜಾಗ ಮರಗಟ್ಟಿಸಿದರೆ ಸಾಕಾ?

ದುರ್ಗದವ:
ತಂದೆಗೆ 66 ವರ್ಷ, ತೂಕ 58 ಕೆಜಿ. ಶುಗರ್ ಮಾತ್ರೆ ನಡೀತಿದೆ, ರಾತ್ರಿ ಗೊರಕೆ ಜೋರು. ಮುಂದಿನ ವಾರ ದಾವಣಗೆರೆಯಲ್ಲಿ ಬೋನ್ ಮ್ಯಾರೋ ಬಯಾಪ್ಸಿ, ಅಂದರೆ ಸೊಂಟದ ಮೂಳೆಯಿಂದ ಮಜ್ಜೆ, ಚೂರು ಮೂಳೆ ತೆಗೆಯೋ ಟೆಸ್ಟ್. ಸೆಡೇಶನ್ (ಮಂಪರು) ಬೇಕಿದ್ದರೆ ಮೊದಲೇ ಹೇಳಿ ಅಂದಿದ್ದಾರೆ. ಮುಗಿಸಿಕೊಂಡು ಅವತ್ತೇ ಬಸ್ಸಿಗೆ ಚಿತ್ರದುರ್ಗಕ್ಕೆ ವಾಪಸ್. ಏನು ಹೇಳೋದು?

ಲ್ಯಾಬ್ ಕಡೆಯವರು:
ನೋವು ಮೂರು ಕಡೆ ಹುಟ್ಟುತ್ತೆ. ಚರ್ಮ, ಮೂಳೆ ಮೇಲಿನ ಪೊರೆ, ಆಮೇಲೆ ಮಜ್ಜೆಯನ್ನ ಸಿರಿಂಜಿಗೆ ಎಳೆಯೋ ಗಳಿಗೆ. ಮೊದಲೆರಡಕ್ಕೆ ಲಿಗ್ನೋಕೇನ್ (ಜಾಗ ಮರಗಟ್ಟಿಸೋ ಇಂಜೆಕ್ಷನ್) ಸಾಕು. ಮೂರನೇದನ್ನ ಅದು ಮುಟ್ಟಲ್ಲ, ಔಷಧಿ ಮೂಳೆಯೊಳಕ್ಕೆ ಇಳಿಯಲ್ಲವಲ್ಲ. ಜಗ್ಗಿದಾಗ ಸೊಂಟದಿಂದ ತೊಡೆವರೆಗೆ ಸೆಳೆತ ಹೊಡೆಯುತ್ತೆ, ಕೆಲವೇ ಸೆಕೆಂಡು.

ಕೆಡೋದು ಹೆಚ್ಚಾಗಿ ಅವಸರದಿಂದ. 2% ಲಿಗ್ನೋಕೇನ್ 8–10 ಎಂಎಲ್ ಬೇಕು, ಅದರಲ್ಲಿ ಬಹುಪಾಲು ಪೊರೆಗೆ, ರೂಪಾಯಿ ನಾಣ್ಯದಗಲ ನಾಲ್ಕಾರು ಕಡೆ ಹಾಕಬೇಕು. ಕೆಜಿಗೆ 4.5 ಮಿಗ್ರಾಂ ಮಿತಿ, ಅಂದರೆ 58 ಕೆಜಿಗೆ ಸುಮಾರು 13 ಎಂಎಲ್. ಆಮೇಲೆ 3–5 ನಿಮಿಷ ಕಾಯಲೇಬೇಕು. ದೊಡ್ಡ ಸೂಜಿ ಇಳಿದಾಗ ಒತ್ತಿದ ಹಾಗೆ ಅನಿಸಿದರೆ ಸರಿ, ಚುಚ್ಚಿದ ಹಾಗಿದ್ದರೆ ‘ಇನ್ನೂ ಹಾಕಿ’ ಅಂತ ಕೇಳಿ. ಸಂಕೋಚ ಬೇಡ.

ಓಟಿ ಟೆಕ್ನಿಷಿಯನ್:
ಮಂಪರಿಗೆ ಕೊಡೋ ಮಿಡಜೋಲಮ್ ನೋವಿನ ಮದ್ದಲ್ಲ. ಭಯ ಇಳಿಸುತ್ತೆ, ನಡೆದದ್ದನ್ನ ಮರೆಸುತ್ತೆ. ನೋವಿಗೆ ಅಂತ ಜೊತೆಗೆ ಫೆಂಟನಿಲ್ ಕೊಡ್ತಾರೆ, ಎರಡೂ ಸೇರಿದರೆ ಉಸಿರು ಮಂದವಾಗುತ್ತೆ. ಜೋರು ಗೊರಕೆ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ ಇರಬಹುದು, ಇದನ್ನ ಡಾಕ್ಟರಿಗೆ ಹೇಳದೆ ಬಿಡಬೇಡಿ. ಪಲ್ಸ್ ಆಕ್ಸಿಮೀಟರ್, ಆಕ್ಸಿಜನ್, ಈ ಎರಡು ಮದ್ದಿನ ಪರಿಣಾಮ ಇಳಿಸೋ ಫ್ಲೂಮಜೆನಿಲ್, ನಲೋಕ್ಸೋನ್, ರೋಗಿಯನ್ನ ಮಾತ್ರ ನೋಡ್ತಾ ಕೂರೋ ಒಬ್ಬರು: ಇಷ್ಟಿಲ್ಲದ ಕಡೆ ಬೇಡವೇ ಬೇಡ.

ಸೆಡೇಶನ್ ಆದರೆ ಊಟ 6 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಿಸಬೇಕು. ಖಾಲಿ ಹೊಟ್ಟೆಗೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿದರೆ ಶುಗರ್ ಕುಸಿಯುತ್ತೆ, ಬೆಳಗಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿ. ಬರೀ ಲೋಕಲ್ (ಜಾಗ ಮರಗಟ್ಟಿಸೋದು) ಆದರೆ ಈ ತಾಪತ್ರಯವೇ ಇಲ್ಲ, ಬೆಣ್ಣೆ ದೋಸೆ ತಿಂದೇ ಹೋಗಬಹುದು (ಶುಗರ್ ಇರೋರು ಒಂದೇ!). ಈ ವಯಸ್ಸು, ಗೊರಕೆ, ಬಸ್ ಪ್ರಯಾಣ ನೋಡಿದರೆ ನನ್ನ ಓಟು ಲೋಕಲ್‌ಗೆ.

ದುರ್ಗದವ:
ಅವರಿಗೆ ಭಯ ಜಾಸ್ತಿ, ಮಿಸುಕಾಡಿದರೆ? ಲೊರಾಜೆಪಾಮ್ ಮಾತ್ರೆ ಸಾಕಾಗುತ್ತಾ?

ಲ್ಯಾಬ್ ಕಡೆಯವರು:
ಮಿಸುಕಾಡೋದು ನಿಜಕ್ಕೂ ತೊಂದರೆ. ನಮಗೆ 1.5–2 ಸೆಂ.ಮೀ. ಉದ್ದದ ಮೂಳೆ ಚೂರು ಬೇಕು, ಮಧ್ಯೆ ಕದಲಿದರೆ ಅದು ಜಜ್ಜಿ ಹೋಗುತ್ತೆ, ಮತ್ತೆ ಚುಚ್ಚಬೇಕಾಗುತ್ತೆ. ಅಲುಗಾಡದೆ ಮಲಗೋಕೆ ಆಗೋದೇ ಇಲ್ಲ ಅನ್ನೋರಿಗೆ, ಚಿಕ್ಕ ಮಕ್ಕಳಿಗೆ ಸೆಡೇಶನ್ನೇ ಸರಿ. ಲೊರಾಜೆಪಾಮ್ ಕೂಡ ಮಂಪರೇ, ಗೊರಕೆ ಇರೋರಿಗೆ ಡಾಕ್ಟರ್ ಹೇಳದೆ ಕೊಡಬೇಡಿ. ಎಳೆಯೋ ಮುಂಚೆ ‘ಈಗ ಜಗ್ತೀನಿ’ ಅಂತ ಹೇಳಿಸಿಕೊಳ್ಳಿ, ಆ ಹೊತ್ತಿಗೆ ಉಸಿರನ್ನ ನಿಧಾನಕ್ಕೆ ಹೊರಗೆ ಬಿಡಲಿ.

ಓಟಿ ಟೆಕ್ನಿಷಿಯನ್:
ರಕ್ತ ತೆಳುಮಾಡೋ ಮಾತ್ರೆ ಇದ್ದರೆ ಈಗಲೇ ತಿಳಿಸಿ. ಮುಗಿದ ಮೇಲೆ ಗಾಯದ ಮೇಲೇ ಭಾರ ಬೀಳೋ ಹಾಗೆ 15 ನಿಮಿಷ ಅಂಗಾತ ಮಲಗಿಸಿ, ಪಟ್ಟಿ 24 ಗಂಟೆ ನೆನೆಯಬಾರದು. ಭರಮಸಾಗರ ದಾಟೋ ಹೊತ್ತಿಗೆ ಮರಗಟ್ಟಿದ್ದು ಇಳಿಯೋಕೆ ಶುರುವಾಗುತ್ತೆ, ಬಸ್ ಹತ್ತೋ ಮುಂಚೆಯೇ ಪ್ಯಾರಾಸಿಟಮಾಲ್ 500 ಕೊಡಿ. ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ಬ್ರೂಫೆನ್ ಬೇಡ. ಹಿಂದಿನ ಸೀಟಂತೂ ಬೇಡ.