9 ಮೀಟರ್ ರಾಚೆಟ್ ಬೆಲ್ಟ್: ಬಾಲ ಹಾರಾಡದಂಗ, ಸಿಕ್ಕಾಗದಂಗ ಇಡೋದು ಹೆಂಗ?

ಕಾರಟಗಿ ಪಿಕಪ್

ಬೊಲೆರೊ ಪಿಕಪ್‌ಗೆ 50 ಎಂಎಂ ಅಗಲದ, 9 ಮೀಟರ್‌ನ ರಾಚೆಟ್ ಬೆಲ್ಟ್ (ಹಲ್ಲಿನ ಹಿಡಿಕಿ ಹೊಡೆದು ಸರಕು ಬಿಗಿಯೋ ಪಟ್ಟಿ) ನಾಲ್ಕು ಅದಾವ. ಲೋಡ್ ಅಂದ್ರ ಅಕ್ಕಿ-ಭತ್ತದ ಚೀಲ, ಸೀಜನ್ನಿನಾಗ ಪವರ್ ಟಿಲ್ಲರ್, ಪಂಪ್‌ಸೆಟ್, ಆಗೊಮ್ಮೆ ಈಗೊಮ್ಮೆ ಸಿಮೆಂಟ್. ಬಿಗಿ ಬಗ್ಗೆ ತಕರಾರಿಲ್ಲ, ತಕರಾರು ಇರೋದು ಬಳಸೋದ್ರಾಗ.

ಬಿಗಿದ ಮ್ಯಾಲೆ ನಾಲ್ಕೈದು ಮೀಟರ್ ಬಾಲ ಉಳೀತೈತಿ. ಸುತ್ತಿ ಸಿಗಿಸಿದ್ರೂ ಗಂಗಾವತಿ ಮುಟ್ಟೋದ್ರೊಳಗ ಬಿಚ್ಚಿ ಹಾರಾಡತೈತಿ. ತುದಿ ಎಳೆ ಬಿಟ್ಟು ಬ್ರಷ್ ಆಗೈತಿ, ರಾಚೆಟ್ಟಿನ ಸೀಳಿನಾಗ ತೂರಂಗಿಲ್ಲ. ಎರಡು ರಾಚೆಟ್‌ನಾಗ ಪಟ್ಟಿ ಕಚ್ಕೊಂಡು ಕೂಡತೈತಿ, ಬಿಚ್ಚೂದಕ್ಕ ಸುತ್ತಿಗಿ ಬೇಕು. ಸೀಟಿನ ಹಿಂದ ಒಗೆದಿಟ್ರ ನಾಲ್ಕೂ ಒಂದಕ್ಕೊಂದು ಹೆಣಕೊಂಡಿರ್ತಾವ.

ಬಾಲ ಕತ್ತರಿಸಬಹುದಾ? ವೆಲ್‌ಕ್ರೋ ಹೊಲಿಸಿದ್ರ ಹೆಂಗ? ಹಿಡಿಕಿಗೆ ಪೈಪ್ ಹಾಕಿ ಬಿಗಿಯೋರು ಅದಾರ, ಅದು ಸರಿಯಾ?

ತೋರಣಗಲ್ಲು ಲೋಡಿಂಗ್

ಕೊಕ್ಕೆಯಿಂದ ರಾಚೆಟ್‌ವರೆಗಿನ ಪಟ್ಟಿ ಭಾರ ಹೊರುತ್ತದೆ. ಅದಕ್ಕೆ ಸೂಜಿ, ಕತ್ತರಿ, ಬೆಂಕಿ ಯಾವುದೂ ತಾಗಬಾರದು, ಗಂಟಂತೂ ಬೇಡವೇ ಬೇಡ. ಗಂಟು ಬಿದ್ದ ಪಟ್ಟಿಯ ಶಕ್ತಿ ಅರ್ಧದಷ್ಟು ಇಳಿಯುತ್ತದೆ. ರಾಚೆಟ್ ದಾಟಿ ಹೊರಬರುವ ಬಾಲಕ್ಕೆ ಭಾರವಿಲ್ಲ, ಏನು ಮಾಡುವುದಿದ್ದರೂ ಅಲ್ಲೇ ಮಾಡಿ.

ಕತ್ತರಿಸುವ ಮುಂಚೆ ಲೆಕ್ಕ ಹಾಕಿ. ಬಾಡಿ ಅಗಲ 1.7 ಮೀಟರ್, ಕೊಂಡಿಯಿಂದ ಸರಕಿನ ತಲೆಗೆ 1.2 ಮೀಟರ್ ಎಂದರೆ 1.2 + 1.7 + 1.2 = 4.1 ಮೀಟರ್. ಇದರಲ್ಲಿ ಅರ್ಧ ಮೀಟರ್‌ನಷ್ಟನ್ನು ರಾಚೆಟ್ ಇರುವ ಮೋಟು ತುಂಡೇ ತುಂಬುತ್ತದೆ. ಉದ್ದ ಪಟ್ಟಿಗೆ ಉಳಿದ ಕೆಲಸ 3.6 ಮೀಟರ್, ಬಾಲ ಐದು ಮೀಟರ್ ಹತ್ತಿರ. ಹಾಗಾಗಿ ಎರಡು ಬೆಲ್ಟನ್ನು 6 ಮೀಟರ್‌ಗೆ ಇಳಿಸಿ, ಎರಡನ್ನು ಹಾಗೇ ಬಿಡಿ. ನಾಲ್ಕನ್ನೂ ಕತ್ತರಿಸಿದರೆ ಎತ್ತರದ ಲೋಡ್ ಬಂದ ದಿನ ಎರಡು ಬೆಲ್ಟ್ ಸೇರಿಸಿ ಗಂಟು ಹಾಕುವ ಬುದ್ಧಿ ಬರುತ್ತದೆ. ಲೇಬಲ್‌ನಲ್ಲಿ 9 ಮೀಟರ್ ಅಂತಲೇ ಇರುತ್ತದೆ ಎಂಬುದೂ ನೆನಪಿರಲಿ. ಬೆಲ್ಟ್ ತಪಾಸಣೆ ಮಾಡುವ ಕಾರ್ಖಾನೆಗೆ ಹೋಗುವ ಗಾಡಿಯಾದರೆ ಕತ್ತರಿಸದೆ 6 ಮೀಟರ್‌ನದ್ದೇ ಕೊಳ್ಳಿ.

ಕತ್ತರಿಯಿಂದ ಕತ್ತರಿಸಿ ಬಿಟ್ಟರೆ ಮತ್ತೆ ಎಳೆ ಬಿಡುತ್ತದೆ. ಹಳೇ ಗರಗಸದ ಬ್ಲೇಡ್ ಕಾಯಿಸಿ, ಇಲ್ಲವೇ ಸೋಲ್ಡರಿಂಗ್ ಕಬ್ಬಿಣದಿಂದ ಕರಗಿಸುತ್ತಾ ಕತ್ತರಿಸಿ. ನೇರವಾಗಿ ಬೇಡ, ಓರೆಯಾಗಿ: ಒಂದು ಮೂಲೆ ಇನ್ನೊಂದಕ್ಕಿಂತ 4–5 ಸೆಂ.ಮೀ. ಹಿಂದೆ ಇರಲಿ. ಆಗ ಚೂಪು ಮೂಲೆ ಮೊದಲು ಸೀಳಿಗೆ ಹೋಗುತ್ತದೆ, ಕೈಗವಸು ಹಾಕಿಕೊಂಡೂ ಪೋಣಿಸಬಹುದು. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಗೆ ಕರಗುತ್ತದೆ, ಬೆರಳು ತಾಗಿಸಬೇಡಿ, ಹೊಗೆ ಕುಡಿಯಬೇಡಿ. ಲೈಟರ್ ಹಿಡಿದರೆ ತುದಿಯಲ್ಲಿ ಗುಂಡುಕಟ್ಟಿ ಅದೇ ಸೀಳಿಗೆ ಅಡ್ಡ ಬರುತ್ತದೆ. ಅಂಚು ಮೆತ್ತಗಿರುವಾಗಲೇ ಎರಡು ಕಬ್ಬಿಣದ ಪಟ್ಟಿ ನಡುವೆ ಒತ್ತಿ ಚಪ್ಪಟೆ ಮಾಡಿ.

ವೆಲ್‌ಕ್ರೋ ಹೊಲಿಸುವುದು ಬೇಡ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳಿಗೆ ಈ ದಪ್ಪ ಲೆಕ್ಕಕ್ಕೇ ಇಲ್ಲ, ಅದಕ್ಕೇ ಆಸೆ ಹುಟ್ಟುತ್ತದೆ. ಆದರೆ ಹೊಲಿದ ಜಾಗ ದಪ್ಪವಾಗಿ ಸೀಳಿನಲ್ಲಿ ತೂರುವುದಿಲ್ಲ, ಮತ್ತೆ ಮುಳ್ಳಿನ ಬದಿ ಭತ್ತದ ಹೊಟ್ಟು ತುಂಬಿಕೊಂಡು ಬೇಗ ಕೆಲಸ ನಿಲ್ಲಿಸುತ್ತದೆ. ಅದರ ಬದಲು ಬೈಕಿನ ಹಳೇ ಟ್ಯೂಬ್‌ನಿಂದ 3 ಸೆಂ.ಮೀ. ಅಗಲದ ಬಳೆಗಳನ್ನು ಕತ್ತರಿಸಿ, ಒಂದು ಬೆಲ್ಟ್‌ಗೆ ಎರಡು. ಬಾಲವನ್ನು 25 ಸೆಂ.ಮೀ. ಮಡಿಕೆಗಳಾಗಿ ಮಡಿಸಿ, ರಾಚೆಟ್‌ಗೆ ಒತ್ತಿ ಇಟ್ಟು, ಎರಡೂ ಕಡೆ ಬಳೆ ಏರಿಸಿ. 2 ಮೀಟರ್ ಬಾಲಕ್ಕೆ ಇದು ಭದ್ರ. ಐದು ಮೀಟರ್ ಮಡಿಸಿದರೆ 5 ಸೆಂ.ಮೀ. ದಪ್ಪದ ಕಟ್ಟಾಗುತ್ತದೆ, ಬಳೆ ಹಿಗ್ಗಿ ಬಿಸಿಲಿಗೆ ಬಿರಿಯುತ್ತದೆ. ಉದ್ದ ಬೆಲ್ಟಿನ ಬಾಲವನ್ನು ಸರಕಿನ ಮೇಲೆ ಬಿಗಿದ ಪಟ್ಟಿಯಡಿ ಎರಡು ಸಲ ತೂರಿಸಿ, ಉಳಿದಷ್ಟಕ್ಕೆ ಮಾತ್ರ ಬಳೆ ಹಾಕಿ.

ಹಿಡಿಕೆಗೆ ಪೈಪ್ ಹಾಕಲೇಬೇಡಿ. ಲೇಬಲ್‌ನಲ್ಲಿ ಎಸ್‌ಎಚ್‌ಎಫ್ 50 ಎಂದಿರುತ್ತದೆ: ಕೈಯಿಂದ ಸುಮಾರು 50 ಕೆಜಿಯ ಎಳೆತ. ಅಷ್ಟಕ್ಕೆ ಪಟ್ಟಿಯಲ್ಲಿ ಉಳಿಯುವ ಬಿಗಿಯೇ ಪಕ್ಕದ ಎಸ್‌ಟಿಎಫ್ ಅಂಕಿ, ಸಾಮಾನ್ಯ ಹಿಡಿಕೆಯಲ್ಲಿ 300 ಕೆಜಿಯ ಆಸುಪಾಸು. ಎಲ್‌ಸಿ 2500 ಎಂಬುದು ಪಟ್ಟಿ ತಡೆಯುವ ಮಿತಿ, ನೀವು ಬಿಗಿದಾಗ ಸಿಗುವ ಒತ್ತಡವಲ್ಲ. ಬಿಗಿ ಸಾಲದಿದ್ದರೆ ಇನ್ನೊಂದು ಬೆಲ್ಟ್ ಹಾಕಿ. ಪೈಪಿನ ಬಲಕ್ಕೆ ಮೊದಲು ಸೋಲುವುದು ರಾಚೆಟ್ಟಿನ ಹಲ್ಲು ಅಥವಾ ಗಾಡಿಯ ಕೊಂಡಿ.

ರಾಯಚೂರು ಫ್ಯಾಬ್ರಿಕೇಶನ್

ಕಚ್ಕೊಂಡು ಕೂಡೋದಕ್ಕ ಕಾರಣ ಎರಡದಾವ್ರಿ. ಒಂದು, ಕೈಲೆ ಜೋಲು ಎಳಿಯದೆ ಸೀದಾ ಹಿಡಿಕಿ ಹೊಡಿಯೋದು. ಉರುಳಿ (ರಾಚೆಟ್ಟಿನಾಗ ಪಟ್ಟಿ ಸುತ್ಕೊಳ್ಳೋ ಸೀಳಿನ ಅಚ್ಚು) ಮ್ಯಾಲೆ ಒಂದೂವರಿಯಿಂದ ಮೂರು ಸುತ್ತು ಪಟ್ಟಿ ಇರಬೇಕು. ಕಡಿಮಿ ಆದ್ರ ಜಾರ್ತದ, ಹೆಚ್ಚಾದ್ರ ಉರುಳಿ ಉಬ್ಬಿ ಚೌಕಟ್ಟಿಗೆ ಒತ್ತಿ ಕೂಡ್ತದ. ಎರಡು, ಪಟ್ಟಿ ಒಂದು ಬದಿಗೆ ಸರಿದು ಉರುಳಿ-ಚೌಕಟ್ಟಿನ ಸಂದಿನಾಗ ಅಂಚು ಸಿಗೋದು. ಮೊದಲ ಎರಡು ಹೊಡತದಾಗ ನೋಡ್ರಿ: ಪಟ್ಟಿ ನಟ್ಟನಡು ಕುಂತಿಲ್ಲಂದ್ರ ಬಿಚ್ಚಿ ಮತ್ತ ಹಾಕ್ರಿ, ಬಿಗಿ ಬಂದ ಮ್ಯಾಲೆ ಸರಿ ಆಗಂಗಿಲ್ಲ.

ಈಗ ಕಚ್ಚಿದ್ದಕ್ಕ ಸುತ್ತಿಗಿ ಬ್ಯಾಡ. ಹಿಡಿಕಿಯೊಳಗಿನ ಬೆರಳು ಕೊಂಡಿ ಎಳೆದು ಹಿಡಕೊಂಡು ಪೂರಾ 180 ಡಿಗ್ರಿ ಚಪ್ಪಟೆ ತೆರೀರಿ. ಅರ್ಧಕ್ಕ ಬಿಟ್ರ ಎರಡನೇ ನಾಲಿಗಿ (ಹಲ್ಲು ಹಿಂದ ತಿರುಗದಂಗ ತಡಿಯೋ ತುಂಡು) ಹಲ್ಲಿನಾಗ ಹಂಗೇ ಇರ್ತದ, ಜಾಮ್ ಅಂದ್ಕೊಂಡಿದ್ದು ಅರ್ಧ ಸಲ ಇದೇ. ಆಮ್ಯಾಲೆ ಸರಕಿನ ಕಡಿ ಪಟ್ಟಿ ಹಿಡಿದು ಜಗ್ರಿ. ಚಪ್ಪಟೆ ತೆರೆದ ಕ್ಷಣ ಬಿಗಿ ಒಮ್ಮೆಲೆ ಬಿಡ್ತದ, ಅದಕ್ಕ ಸರಕು ಯಾವ ಕಡಿ ವಾಲೇದ ಅಂತ ನೋಡಿ ಅದರ ವಿರುದ್ಧ ಬದಿ ನಿಂತು ಬಿಚ್ರಿ.

ನಮ್ಮ ಕಡಿ ಧೂಳಿಗೆ ದಪ್ಪ ಗ್ರೀಸ್ ಹಚ್ಚಿದ್ರ ವಾರದಾಗ ಉಸುಕಿನ ಪೇಸ್ಟ್ ಆಗ್ತದ. ಒಣ ಬ್ರಷ್‌ಲೆ ಹಲ್ಲು ಉಜ್ಜಿ, ಹೊಲಿಗಿ ಮಷಿನ್ ಎಣ್ಣಿ ನಾಲಿಗಿ ಸ್ಪ್ರಿಂಗಿಗೆ ಒಂದು ಹನಿ, ಅಚ್ಚಿನ ಎರಡು ತುದಿಗೆ ಒಂದೊಂದು. ಮಿಕ್ಕಿದ್ದು ಒರಸ್ರಿ. ಪಟ್ಟಿ ಸುತ್ತೋ ಜಾಗಕ್ಕ ಎಣ್ಣಿ ಹೋಗಬಾರದು, ಪಟ್ಟಿ ಜಾರ್ತದ.

ಇಡೋದಕ್ಕ ಒಂದು ಸುತ್ತೋ ಹಿಡಿಕಿ ಮಾಡಿಸ್ರಿ. 8 ಎಂಎಂ ಸರಳು, ತುದಿಗೆ 10 ಸೆಂ.ಮೀ. ಉದ್ದದ ಎರಡು ಕವಲು, ನಡು 6 ಎಂಎಂ ಸಂದು. ಹಿಂದ 10 ಸೆಂ.ಮೀ. ಬಾಗಿಸಿ ತಿರುಗಿಸೋ ಕೈ. ಬಾಡಿಯ ಒಳಗೋಡಿಗೆ ಅರ್ಧ ಇಂಚಿನ ಪೈಪಿನ ತುಂಡು ವೆಲ್ಡ್ ಮಾಡಿ ಅದರಾಗ ತೂರಿಸ್ರಿ. ಕವಲಿನ ತುದಿ ಒಂದೊಂದು ಎಂಎಂ ಒಳಗ ಬಾಗಿರಬೇಕು, ಇಲ್ಲಂದ್ರ ಬಿಗಿ ಸುತ್ತಿದ ಸುರುಳಿ ಕವಲಿಂದ ಹೊರಗ ಬರಂಗಿಲ್ಲ.

ಸುತ್ತೋ ದಿಕ್ಕು ಮುಖ್ಯ. ಓರೆ ಕತ್ತರಿಸಿದ ತುದಿ ಒಳಗ, ಕೊಕ್ಕಿ ಹೊರಗ. ಮುಂದಿನ ಲೋಡಿಗೆ ಕೊಕ್ಕಿ ಕೊಂಡಿಗೆ ಸಿಗಿಸಿ ಸುರುಳಿ ಸರಕಿನ ಮ್ಯಾಲೆ ಒಗೆದ್ರ ತಾನೇ ಬಿಚ್ಚಿ ಆ ಕಡಿ ಬೀಳ್ತದ, ಕೊಕ್ಕಿ ಹಾರಿ ಯಾರ ತಲಿಗೂ ಬಡಿಯಂಗಿಲ್ಲ. 9 ಮೀಟರ್‌ನ ಸುರುಳಿ ಸುಮಾರು 16–17 ಸೆಂ.ಮೀ. ಅಗಲ ಬರ್ತದ, ನಾಲ್ಕೂ 20 ಲೀಟರ್ ಬಣ್ಣದ ಡಬ್ಬಿನಾಗ ಕೂಡ್ತಾವ. ರಾಚೆಟ್ ತುಂಡು ಬ್ಯಾರೆ ಇಡ್ರಿ, ಹಿಡಿಕಿ ಮುಚ್ಚಿ. ತೆರೆದಿಟ್ರ ಸಿಕ್ಕಾಗೋದು ಅಲ್ಲಿಂದಲೇ ಶುರು.

ಸಿರುಗುಪ್ಪ ಕಾಲುವೆ

ಸಿಮೆಂಟ್ ಎಂದಿದ್ದೀರಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನೀಲಿ ಲೇಬಲ್ ಎಂದರೆ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ಪಾಲಿಯೆಸ್ಟರ್ ಆಮ್ಲಕ್ಕೆ ತಕ್ಕಮಟ್ಟಿಗೆ ತಡೆಯುತ್ತದೆ, ಕ್ಷಾರಕ್ಕೆ ಸೋಲುತ್ತದೆ. ನೈಲಾನ್ ಇದಕ್ಕೆ ಉಲ್ಟಾ. ಒದ್ದೆ ಸಿಮೆಂಟ್ ಮತ್ತು ಸುಣ್ಣ ಎರಡೂ ಕ್ಷಾರ. ಧೂಳು ಹತ್ತಿದ ಪಟ್ಟಿ ಮಳೆಗೆ ನೆನೆದು ಹಾಗೇ ಒಣಗಿದರೆ ಎಳೆಗಳು ಗಟ್ಟಿಯಾಗಿ ಪುಡಿ ಉದುರುತ್ತವೆ. ಸಿಮೆಂಟ್ ಇಳಿಸಿದ ಮೇಲೆ ಮೊದಲು ಒಣಗಿದ್ದಂತೆಯೇ ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ಜಾಲಾಡಿಸಿ, ನೆರಳಲ್ಲಿ ತೂಗುಹಾಕಿ. ಬಟ್ಟೆ ಸೋಡಾ, ಬ್ಲೀಚ್ ಬೇಡ. ಡ್ಯಾಶ್‌ಬೋರ್ಡ್ ಮೇಲೂ ಇಡಬೇಡಿ: ಗಾಜಿನ ಹಿಂದಿನ ಶಾಖವನ್ನು ಪಾಲಿಯೆಸ್ಟರ್ ತಡೆದೀತು, ತಿಂಗಳುಗಟ್ಟಲೆ ಬಿಸಿಲು ಬಿದ್ದರೆ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ.

ಟಿಲ್ಲರ್, ಪಂಪ್‌ಸೆಟ್‌ಗಳ ಕಬ್ಬಿಣದ ಅಂಚಿಗೆ ಹೊಲಕ್ಕೆ ನೀರು ಹಾಯಿಸುವ ಎರಡಿಂಚಿನ ಚಪ್ಪಟೆ ಪೈಪಿನ 40 ಸೆಂ.ಮೀ. ತುಂಡು ಪಟ್ಟಿಗೆ ಪೋಣಿಸಿಡಿ, ಬೆಲ್ಟ್‌ಗೆ ಎರಡು. 50 ಎಂಎಂ ಪಟ್ಟಿ ಅದರೊಳಗೆ ಸಲೀಸಾಗಿ ಜಾರುತ್ತದೆ. ಉಜ್ಜುವ ಅಂಚಿಗೆ ಇದು ಸಾಕು, ಆ್ಯಂಗಲ್‌ನಂಥ ಚೂಪು ಅಂಚಿಗೆ ಸಾಲದು. ಅಲ್ಲಿ ಗಟ್ಟಿ ಕಾರ್ನರ್ ಬೇಕು.

ಗಾಳಿಗೆ ಪಟ್ಟಿ ಗುಂಯ್‌ಗುಟ್ಟಿದರೆ ಅರ್ಧ ಸುತ್ತು ತಿರುಚಿ ಹಾಕಿದರೆ ನಿಲ್ಲುತ್ತದೆ.

ತೋರಣಗಲ್ಲು ಲೋಡಿಂಗ್

ತಿರುಚುವುದು ಬೇಡ ಸರ್. ಬೆಲ್ಟ್ ಜೊತೆ ಬರುವ ಸೂಚನೆಗಳಲ್ಲೇ ತಿರುಚಬಾರದು ಎಂದಿರುತ್ತದೆ, ತಿರುಚಿದ ಕಡೆ ಭಾರ ಪಟ್ಟಿಯ ಅಗಲಕ್ಕೆಲ್ಲಾ ಸಮನಾಗಿ ಹಂಚುವುದಿಲ್ಲ. ಚೀಲದ ಲೋಡ್‌ಗೆ ಗುಂಯ್ ಸದ್ದು ಬರುವುದೇ ಇಲ್ಲ. ಟಿಲ್ಲರ್‌ನಂಥದ್ದಕ್ಕೆ ಪಟ್ಟಿ ಮತ್ತು ಸರಕಿನ ನಡುವೆ ಮಡಿಸಿದ ಗೋಣಿ ತೂರಿಸಿ.

ಸಿರುಗುಪ್ಪ ಕಾಲುವೆ

ಸದ್ದು ನಿಲ್ಲಿಸಲು ಎಲ್ಲರೂ ಮಾಡುವುದು ಅದನ್ನೇ. ಆದರೂ ಗೋಣಿ ಒಳ್ಳೆಯ ಉಪಾಯ, ಒಪ್ಪಿದೆ.

ಕಾರಟಗಿ ಪಿಕಪ್

ಎಲ್ಲಾರಿಗೂ ನಮಸ್ಕಾರ್ರಿ. ಎರಡು ಬೆಲ್ಟ್ ಕತ್ತರಿಸಿದ್ರ 3 ಮೀಟರಿನ ಎರಡು ತುಂಡು ಉಳೀತಾವ. ಅವಕ್ಕ ಕೊಕ್ಕಿ ಹೊಲಿಸಿ ಸಣ್ಣ ಬೆಲ್ಟ್ ಮಾಡಬಹುದಾ?

ತೋರಣಗಲ್ಲು ಲೋಡಿಂಗ್

ಬೇಡ. ಕೊಕ್ಕೆ ಹೊಲಿದ ಜಾಗದಲ್ಲಿ ದಾರದ ದಪ್ಪ, ಹೊಲಿಗೆಯ ವಿನ್ಯಾಸ, ಸಾಲುಗಳ ಸಂಖ್ಯೆ ಎಲ್ಲಾ ಎಳೆದು ಪರೀಕ್ಷಿಸಿ ನಿಗದಿ ಮಾಡಿದ್ದು. ಅಂಗಡಿಯಲ್ಲಿ ಹೊಲಿಸಿದ್ದು ನೋಡಲು ಹಾಗೇ ಇರುತ್ತದೆ, ಎಷ್ಟು ತಡೆಯುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ತುಂಡುಗಳನ್ನು ತಾಡಪತ್ರಿ ಮಡಿಸಿ ಕಟ್ಟಲು ಇಟ್ಟುಕೊಳ್ಳಿ. ಬೆಲ್ಟ್ ಡಬ್ಬಿಯಲ್ಲಿ ಮಾತ್ರ ಹಾಕಬೇಡಿ, ಕತ್ತಲಲ್ಲಿ ಯಾರಾದರೂ ಅದನ್ನೇ ಎಳೆದು ಸರಕಿಗೆ ಕಟ್ಟಿಬಿಡುತ್ತಾರೆ.