ಪ್ರತಿ ತಿಂಗಳು 12ರ ನಂತರ ಉಪಗ್ರಹ ಇಂಟರ್ನೆಟ್ ಕುಂಟುತ್ತದೆ, ಡಿಶ್ ತಿರುಗಿಸಬೇಕೇ?

ಅಡಿಕೆಅಂಗಡಿ_ಪೆರ್ಲ:
ಪೆರ್ಲದಿಂದ ಒಳಗೆ ನಮ್ಮ ಅಡಿಕೆ ಖರೀದಿ ಅಂಗಡಿ. ಮರ ಬಿದ್ದು ಕೇಬಲ್ ತುಂಡಾಗುವುದನ್ನು ನೋಡಿ ಸಾಕಾಗಿ ಉಪಗ್ರಹ ಸಂಪರ್ಕ ಹಾಕಿಸಿದೆವು. ವ್ಯಾಪಾರದ ಪ್ಲಾನ್, ತಿಂಗಳಿಗೆ 150 ಜಿಬಿ. 12ನೇ ತಾರೀಕಿನವರೆಗೆ ತೊಂದರೆಯಿಲ್ಲ. ಆಮೇಲೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಕೂಡ ಹೋಗುವುದಿಲ್ಲ, ಲಾರಿ ಅಂಗಳದಲ್ಲೇ ನಿಂತಿರುತ್ತದೆ. ಕಂಪನಿಯವರು ‘ಮಳೆಗಾಲ ಅಲ್ಲವೇ’ ಎನ್ನುತ್ತಾರೆ. ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) 640 ಮಿಲಿಸೆಕೆಂಡ್ ತೋರಿಸುತ್ತಿದೆ.

ಕುಂಬಳೆ_ಕೇಬಲ್:
ಡಿಶ್ ಮುಟ್ಟಬೇಡಿ ಮಾರಾಯರೇ. ಆಟಿ ತಿಂಗಳ ಮಳೆಗೆ ತಾರೀಕು ನೋಡಿ ಸುರಿಯುವ ಅಭ್ಯಾಸವಿಲ್ಲ. ಮಳೆಯ ತೊಂದರೆಯಾದರೆ ಮೋಡೆಮ್ ಪುಟದಲ್ಲಿ ಸಿಗ್ನಲ್ ಅಂಕಿ ಇಳಿಯುತ್ತದೆ, ಮಳೆ ಬಿಟ್ಟ ಕೂಡಲೇ ಏರುತ್ತದೆ. ಪಿಂಗ್ 640 ಸಹಜವೇ. ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ, ನಿಮ್ಮ ಪ್ರಶ್ನೆ ಅಲ್ಲಿಗೆ ಹತ್ತಿ ಇಳಿದು, ಉತ್ತರವೂ ಹಾಗೆಯೇ ಬರಬೇಕಲ್ಲ. ಮಳೆ ಬಿಟ್ಟಾಗ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ವೇಗ ಅಳೆದು ಹೇಳಿ.

ಅಡಿಕೆಅಂಗಡಿ_ಪೆರ್ಲ:
ಸಿಗ್ನಲ್ ಅಂಕಿ ಕದಲಿಲ್ಲ. ಡೌನ್‌ಲೋಡ್ ಎರಡು ಹೊತ್ತೂ 1 ಎಂಬಿಪಿಎಸ್. ಅಪ್‌ಲೋಡ್ ಇಲ್ಲವೆನ್ನುವಷ್ಟು.

ಕುಂಬಳೆ_ಕೇಬಲ್:
ಗೆರೆ ಎಳೆದಂತೆ ಒಂದೇ ವೇಗವೆಂದರೆ ಡೇಟಾ ಮುಗಿದು ಕಂಪನಿಯವರೇ ವೇಗ ಇಳಿಸಿದ್ದಾರೆ. ಆದರೆ ಇ-ವೇ ಬಿಲ್ಲಿಗೆ ಎಷ್ಟು ಡೇಟಾ ಬೇಕು? 1 ಎಂಬಿಪಿಎಸ್‌ನಲ್ಲಿ ಆರಾಮವಾಗಿ ಹೋಗಬೇಕು. ಅಪ್‌ಲೋಡನ್ನು ಏನೋ ನುಂಗುತ್ತಿದೆ. ಕ್ಯಾಮೆರಾ ಇದೆಯೇ?

ಅಡಿಕೆಅಂಗಡಿ_ಪೆರ್ಲ:
ಇದೆ, ಗೋದಾಮಿನಲ್ಲಿ ಒಂದು. ದುಬೈಯಲ್ಲಿರುವ ತಮ್ಮ ಹಾಕಿಸಿದ್ದು. ಒಂದು ಕ್ಯಾಮೆರಾ ಅಷ್ಟು ತಿನ್ನುತ್ತದೆಯೇ?

ಕುಂಬಳೆ_ಕೇಬಲ್:
ಹಗಲಿರುಳು ಕ್ಲೌಡ್‌ಗೆ 1 ಎಂಬಿಪಿಎಸ್ ಕಳಿಸಿದರೆ ದಿನಕ್ಕೆ 10.8 ಜಿಬಿ. ಹನ್ನೆರಡು ದಿನಕ್ಕೆ ಸುಮಾರು 130. ಉಳಿದ 20 ನಿಮ್ಮ ಬಿಲ್ಲು, ವಿಂಡೋಸ್ ಅಪ್‌ಡೇಟ್. ಲೆಕ್ಕ ಸರಿಹೋಯಿತಲ್ಲ? ವೇಗ ಇಳಿದ ಮೇಲೂ ಅದು ಕಳಿಸುತ್ತಲೇ ಇರುತ್ತದೆ, ಹಾಗಾಗಿ ನಿಮ್ಮ ಬಿಲ್ಲಿಗೆ ದಾರಿಯಿಲ್ಲ. ಈಗಲೇ ಅದರ ವಯರ್ ಕಿತ್ತು ನೋಡಿ. ಆಮೇಲೆ ಮೆಮೊರಿ ಕಾರ್ಡ್‌ನಲ್ಲಿ ರೆಕಾರ್ಡ್ ಆಗುವಂತೆ, ಚಲನೆ ಕಂಡಾಗ ಮಾತ್ರ ಕ್ಲೌಡ್‌ಗೆ ಹೋಗುವಂತೆ ಮಾಡಿ. ಗೋದಾಮಿನಲ್ಲಿ ಬೆಕ್ಕಿದ್ದರೆ ನೆಲದ ಭಾಗವನ್ನು ಬಿಟ್ಟು ಬಾಗಿಲನ್ನಷ್ಟೇ ಗುರುತು ಮಾಡಿ. ಅಪ್‌ಡೇಟ್‌ಗಳು ತಾವಾಗಿ ಡೇಟಾ ತಿನ್ನದಂತೆ ಕಂಪ್ಯೂಟರಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಇರಲಿ. ಮುಗಿದ ಡೇಟಾ ಮಾತ್ರ ಮುಂದಿನ ತಿಂಗಳವರೆಗೆ ಮರಳುವುದಿಲ್ಲ.

ಅಡಿಕೆಅಂಗಡಿ_ಪೆರ್ಲ:
ವಯರ್ ಕಿತ್ತ ಐದೇ ನಿಮಿಷಕ್ಕೆ ಬಿಲ್ ಹೋಯಿತು, ಹಿಂದೆಯೇ ಲಾರಿಯೂ. ಈಗ ತಮ್ಮ ಫೋನ್ ಮಾಡಿ ‘ಗೋದಾಮು ಕಾಣುತ್ತಿಲ್ಲ’ ಎನ್ನುತ್ತಿದ್ದಾನೆ.